ಚೌಳು ಮಣ್ಣಿನಲ್ಲಿ ದ್ವಿದಳ ಬೆಳೆ: ಬೇರುಗಂಟು ನೋಡಿ, ಆಮೇಲೆ ಗೊಬ್ಬರ

ಚೌಳು ನೆಲದಲ್ಲಿ ಕಾಳಿನ ಬೆಳೆ ಹಳದಿಗೆ ತಿರುಗಿದರೆ ಕೂಡಲೇ ಯೂರಿಯಾ ಎರಚಬೇಡಿ. ಬಿತ್ತಿ ನಾಲ್ಕೈದು ವಾರವಾದ ಗಿಡವನ್ನು ಮಣ್ಣುಸಮೇತ ಸಲಿಕೆಯಿಂದ ಎತ್ತಿ, ನೀರಲ್ಲಿ ನೆನೆಸಿ ಬೇರು ತೊಳೆಯಿರಿ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ಗುಲಾಬಿ ಬಣ್ಣ ಕಂಡರೆ ಅದು ಸಾರಜನಕ ಕೊಡುತ್ತಿದೆ. ಹಸಿರು, ಕಂದು ಆಗಿದ್ದರೆ ಅದರ ಕೆಲಸ ನಿಂತಿದೆ. ಉಪ್ಪು ಹೆಚ್ಚಿದ್ದಲ್ಲಿ ಗಂಟುಗಳ ಸಂಖ್ಯೆಯೇ ಕಡಿಮೆ. ಗಂಟು ಕಟ್ಟುವ ಜೀವಾಣು ರೈಜೋಬಿಯಂ ಸಾಮಾನ್ಯವಾಗಿ ಗಿಡಕ್ಕಿಂತ ಹೆಚ್ಚು ಉಪ್ಪು ತಾಳುತ್ತದೆ, ಮೊದಲು ಸೋಲುವುದು ಬೇರುರೋಮ. ಅದು ಬೆಳೆದು ಸುರುಳಿಯಾಗದಿದ್ದರೆ ಜೀವಾಣುವಿಗೆ ಒಳಹೋಗುವ ದಾರಿ ಸಿಗದು. ಆದ್ದರಿಂದ ರೈಜೋಬಿಯಂ ಬೀಜೋಪಚಾರ ಬೇಕು, ಆದರೆ ಅದೊಂದೇ ಸಾಲದು.

ಹಳೆಯ ಎಲೆಗಳ ಅಂಚು ಸುಟ್ಟಂತಾಗುವುದು, ಮಣ್ಣು ಹಸಿಯಿದ್ದರೂ ಗಿಡ ಬಾಡುವುದು ಉಪ್ಪಿನ ಇತರ ಗುರುತುಗಳು.

ಬೆಳೆ ಚೆನ್ನಾಗಿರುವ ಜಾಗ, ಸೊರಗಿದ ಜಾಗ ಎರಡರಿಂದಲೂ 0–15 ಮತ್ತು 15–30 ಸೆಂ.ಮೀ. ಆಳದ ಮಣ್ಣನ್ನು ಬೇರೆಬೇರೆಯಾಗಿ ಪರೀಕ್ಷೆಗೆ ಕೊಡಿ. ವಿದ್ಯುತ್ ವಾಹಕತೆಯನ್ನು (ಇಸಿ) ಯಾವ ವಿಧಾನದಲ್ಲಿ ಅಳೆದರೆಂದು ಕೇಳಲೇಬೇಕು: 1:2 ಮಣ್ಣು–ನೀರಿನ ದ್ರಾವಣದ ಅಂಕಿ ಸಂತೃಪ್ತ ಮಣ್ಣಿನ ರಸದ (ನೀರು ತುಂಬಿಸಿದ ಮಣ್ಣಿನಿಂದ ಹೀರಿ ತೆಗೆದ ದ್ರವದ) ಅಂಕಿಗಿಂತ ಕಡಿಮೆ ಬರುತ್ತದೆ. ಇಲ್ಲಿನ ಅಂಕಿಗಳೆಲ್ಲ ಎರಡನೆಯದಕ್ಕೆ ಸೇರಿದವು. 4 ಡೆಸಿಸೈಮನ್/ಮೀಟರ್ ದಾಟಿದರೆ ಚೌಳು. ರಸಸಾರ (ಪಿಎಚ್) 8.5 ಮೀರಿ, ವಿನಿಮಯ ಸೋಡಿಯಂ (ಮಣ್ಣಿನ ಕಣಗಳಿಗೆ ಅಂಟಿದ ಸೋಡಿಯಂ) ಶೇ. 15ಕ್ಕಿಂತ ಹೆಚ್ಚಿದ್ದರೆ ಅದು ಕ್ಷಾರ ಮಣ್ಣು. ಜಿಪ್ಸಂ ಬೇಕಾಗುವುದು ಅದಕ್ಕೆ. ಬರೀ ಚೌಳಿಗೆ ಜಿಪ್ಸಂ ಹಾಕುವುದು ದಂಡ.

ಬೆಳೆಯ ಆಯ್ಕೆಯಲ್ಲಿ ವ್ಯತ್ಯಾಸ ದೊಡ್ಡದು. ಬೀನ್ಸ್ ಇಳುವರಿ ಇಸಿ 1 ದಾಟುತ್ತಲೇ ಕುಸಿಯತೊಡಗಿ, ಮುಂದಿನ ಪ್ರತಿ ಅಂಕಿಗೆ ಸುಮಾರು ಶೇ. 19 ಇಳಿಯುತ್ತದೆ. ಶೇಂಗಾ 3.2ರವರೆಗೆ, ಅಲಸಂದೆ, ಸೋಯಾ ಅವರೆ ಸುಮಾರು 5ರವರೆಗೆ ತಾಳುತ್ತವೆ. ಕಡಲೆ ತೀರಾ ಸೂಕ್ಷ್ಮ, ಚೌಳಿನಲ್ಲಿ ಬೇಡ.

ಉಪ್ಪು ತೊಳೆಯುವ ಮೊದಲು ಬಸಿಗಾಲುವೆ ತೆಗೆಯಿರಿ. ಬಸಿಯುವ ದಾರಿಯಿಲ್ಲದೆ ನೀರು ನಿಲ್ಲಿಸಿದರೆ ಅಂತರ್ಜಲ ಮೇಲೇರಿ ಉಪ್ಪು ಮತ್ತೆ ಮೇಲಕ್ಕೇ ಬರುತ್ತದೆ. 30 ಸೆಂ.ಮೀ. ಆಳದ ಮಣ್ಣಿನ ಸುಮಾರು ಶೇ. 80 ಉಪ್ಪು ಇಳಿಯಲು ಅಷ್ಟೇ, ಅಂದರೆ 30 ಸೆಂ.ಮೀ. ಸಿಹಿನೀರು ಅದರ ಮೂಲಕ ಬಸಿಯಬೇಕು. ಒಮ್ಮೆಲೇ ನಿಲ್ಲಿಸದೆ ಮೂರ್ನಾಲ್ಕು ಸಲ ಬಿಟ್ಟುಬಿಟ್ಟು ಕೊಟ್ಟರೆ ಕಡಿಮೆ ನೀರಿನಲ್ಲೇ ಕೆಲಸವಾಗುತ್ತದೆ.

ಬಿತ್ತನೆ ದಿಂಡಿನ ನೆತ್ತಿಯ ಮೇಲೆ ಬೇಡ. ಸಾಲಿನ ನೀರು ಇಂಗಿ ಆರುವಾಗ ಉಪ್ಪೆಲ್ಲ ಅಲ್ಲೇ ಕೂಡುತ್ತದೆ. ದಿಂಡಿನ ಇಳಿಜಾರಿನ ನಡುಭಾಗದಲ್ಲಿ ಬಿತ್ತಿ, ಮೊಳಕೆ ಬರುವವರೆಗೆ ಮೇಲ್ಮಣ್ಣು ಒಣಗಲು ಬಿಡಬೇಡಿ. ನಂತರ ಹುಲ್ಲಿನ ಹೊದಿಕೆ ಹಾಸಿ. ಪೊಟ್ಯಾಷ್ ಬೇಕಿದ್ದರೆ ಕ್ಲೋರೈಡ್ ಇರುವ ಮ್ಯೂರಿಯೇಟ್ ಬಿಟ್ಟು ಸಲ್ಫೇಟ್ ರೂಪದ್ದನ್ನು ಕೊಡಿ.