ಗುಮ್ಮಿ, ಎಲಾಸ್ಟಿಕ್, ಗಾರ್ಟರ್: ಊರಿಗೊಂದು ಹೆಸ್ರಿನ ಜಿಗಿಯೋ ಆಟ ಆಡೋದು ಹೆಂಗೆ

ಬರ್ಲಿನ್‌ಗೆ ಬಂದ ಹೊಸದ್ರಲ್ಲಿ ಮಗಳು ಸ್ಕೂಲಿಂದ ಬಂದವ್ಳೇ "ಅಮ್ಮಾ ಗುಮ್ಮಿ ಬೇಕು" ಅಂದ್ಲು, ನಂಗೆ ಗುಮ್ಮ ಅಂತ ಕೇಳಿಸ್ತು, ಊಟ ಮಾಡ್ದಿದ್ರೆ ಬರೋ ಗುಮ್ಮನ್ನ ಇವ್ಳೇ ಯಾಕೆ ಕರೀತಿದಾಳೆ ಅಂತ. ಜರ್ಮನ್‌ನಲ್ಲಿ ಗುಮ್ಮಿ ಅಂದ್ರೆ ರಬ್ಬರ್. ಆಟದ ಹೆಸ್ರು ಗುಮ್ಮಿಟ್ವಿಸ್ಟ್, ಬರ್ಲಿನ್ ಕಡೆ ಗುಮ್ಮಿಹೋಪ್ಸೆ, ಆಸ್ಟ್ರಿಯಾದಲ್ಲಿ ಗುಮ್ಮಿಹುಪ್ಫೆನ್.

ಹೊಲಿಗೆ ಸಾಮಾನಿನ ಅಂಗಡೀಲಿ ಲಂಗ, ಚಡ್ಡಿಗೆ ಹಾಕೋ ಎಲಾಸ್ಟಿಕ್ 4 ಮೀಟರ್ ತಗೊಳ್ಳಿ. ತುದಿ ಎರಡೂ ಸೇರ್ಸಿ ಗಂಟು ಹಾಕಿದ್ರೆ ನಡೆಯತ್ತೆ, ಆದ್ರೆ ಜಿಗಿಯುವಾಗ ಗಂಟು ಕಾಲಿಗೆ ಬಡಿಯತ್ತೆ, ನಾನು ಆಮೇಲೆ ಬಿಚ್ಚಿ ಒಂದರ ಮೇಲೊಂದಿಟ್ಟು ಹೊಲಿದೆ.

ಇಬ್ರು ಎದುರುಬದುರು ನಿಂತು ಕಾಲು ಸ್ವಲ್ಪ ಅಗಲಿಸಿ ಕಣಕಾಲಿನ ಸುತ್ತ ಎಲಾಸ್ಟಿಕ್ ಹಾಕ್ಕೊಬೇಕು, ನಡುವೆ ಎರಡು ಗೆರೆ ಎಳೆದಂಗೆ ಕಾಣತ್ತೆ. ಮೂರನೇವ್ಳು ಜಿಗೀತಾಳೆ: ಒಳಗೆ, ಹೊರಗೆ, ಒಂದು ಕಾಲು ಒಳಗೆ ಒಂದು ಹೊರಗೆ, ಕೊನೆಗೆ ಎರಡೂ ಕಾಲು ಎಲಾಸ್ಟಿಕ್ ಮೇಲೇ ಒತ್ತಿ ನಿಲ್ಬೇಕು. ಕುಂಟೆಬಿಲ್ಲೇಲಿ ಗೆರೆ ತುಳಿದ್ರೆ ಔಟು, ಇಲ್ಲಿ ತುಳೀದಿದ್ರೇ ಔಟು, ಅದು ನಂಗೆ ತಲೆಗೆ ಹೋಗೋಕೇ ಎರಡು ದಿನ ಬೇಕಾಯ್ತು. ತಪ್ಪಿದ್ರೆ ಎಲಾಸ್ಟಿಕ್ ಹಿಡಿಯೋ ಸರದಿ. ಸರಿಯಾಗಿ ಮುಗಿಸಿದ್ರೆ ಎಲಾಸ್ಟಿಕ್ ಮೊಣಕಾಲಿಗೆ, ಆಮೇಲೆ ತೊಡೆಗೆ, ಸೊಂಟಕ್ಕೆ ಏರತ್ತೆ. ನಿಂತವ್ರು ಕಾಲು ಜೋಡಿಸಿದ್ರೆ ಗೆರೆ ಹತ್ರ ಆಗಿ ಇನ್ನೂ ಕಷ್ಟ.

ಹೆಸ್ರಿನ ವಿಷ್ಯ ಮಾತ್ರ ಮಜಾ ಇದೆ. ಅಮೆರಿಕದವ್ರು ಚೈನೀಸ್ ಜಂಪ್ ರೋಪ್ ಅಂತಾರೆ, ಬ್ರಿಟನ್‌ನಲ್ಲಿ ಫ್ರೆಂಚ್ ಸ್ಕಿಪ್ಪಿಂಗ್, ಎಲ್ಲರಿಗೂ ಇದು ಪಕ್ಕದ ಮನೆಯವ್ರ ಆಟವೇ! ಫ್ರೆಂಚರು ಸುಮ್ನೆ ಎಲಾಸ್ತಿಕ್ ಅಂತಾರೆ, ರಷ್ಯಾದಲ್ಲಿ ರೆಜಿನೋಚ್ಕಾ, ಅದೂ ರಬ್ಬರೇ. ಫಿಲಿಪೀನ್ಸ್‌ನ ಚೈನೀಸ್ ಗಾರ್ಟರ್‌ಗೆ ಮೋಸ ಹೋಗ್ಬೇಡಿ, ಗಾರ್ಟರ್ ಅಂದ್ರೂ ಎಲಾಸ್ಟಿಕ್ಕೇ, ಆದ್ರೆ ಆಟ ಬೇರೆ, ಅಲ್ಲಿ ಎಲಾಸ್ಟಿಕ್ಕನ್ನ ಕೈಯಲ್ಲಿ ಅಡ್ಡ ಹಿಡಿದು ತಲೆ ಮಟ್ಟದವರೆಗೂ ಏರಿಸ್ಕೊಂಡು ಹೋಗ್ತಾರೆ, ದಾಟೋದಷ್ಟೇ ಆಟ. ಅದಕ್ಕೆ ಮಗು ಹೊಸ ಮಕ್ಕಳ ಜೊತೆ ಆಡೋ ಮುಂಚೆ ಹೆಸ್ರು ಕೇಳೋದಕ್ಕಿಂತ ಒಂದು ರೌಂಡ್ ನಿಂತು ನೋಡ್ಲಿ.

ಜನ ಕಮ್ಮಿ ಇದ್ರೆ ಒಂದು ಕಡೆ ಕುರ್ಚಿ ಇಡಿ, ಪ್ಲಾಸ್ಟಿಕ್ಕಿಂದಾದ್ರೆ ಮೇಲೆ ಯಾರನ್ನಾದ್ರೂ ಕೂರ್ಸಿ. ನಮ್ಮನೇಲಿ ಅಜ್ಜಿ ಕೂತ್ಕೊಂಡು ಕಾಫಿ ಕುಡೀತಾರೆ.