ಕಂಪ್ಯೂಟರ್ ವಿಷನ್ ಸಂಶೋಧಕರ ಸಾಧನೆಯನ್ನು ಓದುವ ಕ್ರಮ

ಪಿಎಚ್‌ಡಿಗೆ ಮಾರ್ಗದರ್ಶಕರನ್ನು ಹುಡುಕುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ಗೂಗಲ್ ಸ್ಕಾಲರ್‌ನಲ್ಲಿ ಅವರ ಹೆಸರು ಹಾಕಿ, ಉಲ್ಲೇಖಗಳ ಸಂಖ್ಯೆಯನ್ನೂ ಎಚ್-ಇಂಡೆಕ್ಸನ್ನೂ (ಪ್ರಬಂಧಗಳನ್ನೂ ಅವುಗಳ ಉಲ್ಲೇಖಗಳನ್ನೂ ಎಣಿಸಿ ಕೊಡುವ ಅಂಕ) ನೋಡಿ, ಯಾರು ದೊಡ್ಡವರು ಯಾರು ಸಣ್ಣವರು ಎಂದು ತೀರ್ಮಾನಿಸಿಬಿಡುವುದು. ಆ ಸಂಖ್ಯೆಗಳು ಸುಳ್ಳಲ್ಲ. ಆದರೆ ಒಬ್ಬರ ಕೆಲಸ ಬೇರೆಯವರ ಕೈಗೆ ಹೋದ ಮೇಲೆ ಏನಾಯಿತು ಎಂಬುದನ್ನು ಅವು ಹೇಳುವುದಿಲ್ಲ. ವಿದ್ವತ್ತಿನ ಪ್ರಭಾವ ಎಂದು ನಾನು ಕರೆಯುವುದು ಅದನ್ನೇ. ಅದನ್ನು ತಿಳಿಯಲು ಎರಡು ಮೂರು ದಿನಗಳ ಶ್ರದ್ಧೆಯ ಓದು ಬೇಕು. ಆ ಓದು ಹೇಗಿರಬೇಕೆಂದು ತೋರಿಸಲು ಕಂಪ್ಯೂಟರ್ ವಿಷನ್, ಅಂದರೆ ಚಿತ್ರಗಳನ್ನು ನೋಡಿ ಅರ್ಥ ಮಾಡಿಕೊಳ್ಳಲು ಕಂಪ್ಯೂಟರಿಗೆ ಕಲಿಸುವ ಕ್ಷೇತ್ರದಲ್ಲಿ ದುಡಿದ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಿತೇಂದ್ರ ಮಲಿಕ್ ಅವರ ವೃತ್ತಿಜೀವನವನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

ಮೊದಲು ಒಂದು ಹಾಳೆಯ ಮೇಲೆ ಉದ್ದಕ್ಕೆ ಗೆರೆ ಎಳೆದು ಇಸವಿಗಳನ್ನು ಗುರುತಿಸಿಕೊಳ್ಳಿ. ಮಲಿಕ್ 1960ರಲ್ಲಿ ಮಥುರಾದಲ್ಲಿ ಹುಟ್ಟಿದರು, 1980ರಲ್ಲಿ ಕಾನ್ಪುರದ ಐಐಟಿಯಿಂದ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪದವಿ ಪಡೆದರು, 1985ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌ಡಿ ಮುಗಿಸಿ 1986ರಲ್ಲಿ ಬರ್ಕ್ಲಿ ಸೇರಿದರು. ಇಷ್ಟು ಬರೆದ ಮೇಲೆ ಗೆರೆಯ ಕೆಳಗೆ ಮುಖ್ಯ ಪ್ರಬಂಧಗಳನ್ನು ಜೋಡಿಸಿ: 1990ರಲ್ಲಿ ಪಿಯೆತ್ರೊ ಪೆರೋನಾ ಜೊತೆಗೂಡಿ ಬರೆದದ್ದು, 1997ರ ಸಮ್ಮೇಳನದಲ್ಲೂ 2000ರ ಪತ್ರಿಕೆಯಲ್ಲೂ ಜಿಯಾನ್‌ಬೊ ಷಿ ಜೊತೆಗೂಡಿ ಪ್ರಕಟಿಸಿದ್ದು, 2001ರ ಚಿತ್ರಸಂಗ್ರಹ, ಚಿತ್ರದಲ್ಲಿ ವಸ್ತು ಎಲ್ಲಿದೆ ಎಂದು ಪತ್ತೆ ಹಚ್ಚುವ ವಿಧಾನವಾದ 2014ರ ಆರ್-ಸಿಎನ್‌ಎನ್. ಈಗ ಇವುಗಳ ನಡುವೆ ಸಮಾನವಾದದ್ದು ಏನೆಂದು ಕೇಳಿಕೊಳ್ಳಿ. ಒಂದು ಚಿತ್ರದಲ್ಲಿ ಒಂದು ವಸ್ತು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬ ಒಂದೇ ಪ್ರಶ್ನೆ ಸುಮಾರು ಕಾಲು ಶತಮಾನ ಬೇರೆ ಬೇರೆ ಸಲಕರಣೆಗಳೊಂದಿಗೆ ಮರಳಿ ಮರಳಿ ಬಂದಿರುವುದು ಕಾಣುತ್ತದೆ. ಹೀಗೆ ಒಂದು ಪ್ರಶ್ನೆಯ ಎಳೆ ಸಿಗುವ ಸಂಶೋಧಕರ ಬಳಿ ವಿದ್ಯಾರ್ಥಿ ಕಲಿಯುವುದು ಹೆಚ್ಚು ಎಂಬುದು ನನ್ನ ಗಟ್ಟಿ ನಂಬಿಕೆ.

ಪ್ರಬಂಧ ಎಲ್ಲಿ ಪ್ರಕಟವಾಗಿದೆ ಎಂಬುದನ್ನು ಬೇಗ ನೋಡಿ ಮುಗಿಸಬಹುದು. ಈ ಕ್ಷೇತ್ರದಲ್ಲಿ ಪತ್ರಿಕೆಗಳಷ್ಟೇ, ಹಲವು ಸಲ ಅವುಗಳಿಗಿಂತಲೂ ಹೆಚ್ಚು, ಸಮ್ಮೇಳನಗಳಿಗೆ ಬೆಲೆಯಿದೆ. ಪ್ರತಿ ವರ್ಷ ನಡೆಯುವ ಸಿವಿಪಿಆರ್, ಬೆಸ ಇಸವಿಗಳಲ್ಲಿ ನಡೆಯುವ ಐಸಿಸಿವಿ, ಸಮ ಇಸವಿಗಳಲ್ಲಿ ನಡೆಯುವ ಇಸಿಸಿವಿ ಇವುಗಳಲ್ಲಿ ಮುಖ್ಯವಾದವು. ಲೇಖಕರ ಸಾಲಿನಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಹೆಚ್ಚು ದುಡಿದವರದು, ಕೊನೆಯ ಹೆಸರು ಮಾರ್ಗದರ್ಶಕರದು.

ಇನ್ನು ನಿಧಾನವಾಗಿ ಮಾಡಬೇಕಾದ ಕೆಲಸ. ಅತಿ ಹೆಚ್ಚು ಉಲ್ಲೇಖ ಪಡೆದ ಹಳೆಯ ಪ್ರಬಂಧಗಳಲ್ಲಿ ಒಂದನ್ನು ಆರಿಸಿ, ಅದರ ತಿರುಳು ನಿಮ್ಮದೇ ಮಾತಿನಲ್ಲಿ ಹೇಳಲು ಬರುವವರೆಗೆ ಓದಿ. ಷಿ ಮತ್ತು ಮಲಿಕ್ ಅವರ ಪ್ರಬಂಧವನ್ನೇ ನೋಡೋಣ. ಚಿತ್ರದ ಪ್ರತಿಯೊಂದು ಪಿಕ್ಸೆಲನ್ನು ಒಂದು ಬಿಂದುವೆಂದುಕೊಂಡು, ಬಣ್ಣದಲ್ಲೂ ಸ್ಥಾನದಲ್ಲೂ ಹತ್ತಿರವಿರುವ ಬಿಂದುಗಳ ನಡುವೆ ಗಟ್ಟಿಯಾದ ಕೊಂಡಿಯನ್ನೂ ದೂರವಿರುವವುಗಳ ನಡುವೆ ಸಡಿಲವಾದ ಕೊಂಡಿಯನ್ನೂ ಕಲ್ಪಿಸಿದರೆ, ಸಡಿಲವಾದ ಕೊಂಡಿಗಳನ್ನು ಕತ್ತರಿಸಿ ಚಿತ್ರವನ್ನು ಭಾಗ ಮಾಡಬಹುದು ಎಂಬುದು ಮೊದಲಿನಿಂದಲೂ ಇದ್ದ ಯೋಚನೆ. ತೊಡಕೇನೆಂದರೆ, ಅತಿ ಕಡಿಮೆ ಬೆಲೆಯ ಕತ್ತರಿಸುವಿಕೆಯನ್ನು ಹುಡುಕಿದಾಗ ಎಲ್ಲೋ ಮೂಲೆಯಲ್ಲಿರುವ ಒಂಟಿ ಬಿಂದುವಷ್ಟೇ ಕಳಚಿಕೊಂಡು ಬರುತ್ತದೆ, ಏಕೆಂದರೆ ಅದಕ್ಕಿರುವ ಕೊಂಡಿಗಳೇ ಕಡಿಮೆ. ಇವರು ಮಾಡಿದ್ದಿಷ್ಟು: ಕತ್ತರಿಸಿದ ಕೊಂಡಿಗಳ ತೂಕವನ್ನು, ಪ್ರತಿ ಭಾಗಕ್ಕೂ ಇಡೀ ಚಿತ್ರದೊಂದಿಗೆ ಇರುವ ಒಟ್ಟು ಕೊಂಡಿಗಳ ತೂಕದಿಂದ ಭಾಗಿಸಿದರು. ಆಗ ಒಂಟಿ ಬಿಂದುವನ್ನು ಕಳಚುವುದು ದುಬಾರಿಯಾಗುತ್ತದೆ, ಚಿತ್ರ ಅರ್ಥವುಳ್ಳ ದೊಡ್ಡ ಭಾಗಗಳಾಗಿ ಬಿಡಿಸಿಕೊಳ್ಳುತ್ತದೆ. ಇದನ್ನು ಪೆನ್ನು ಹಿಡಿದು ನಾಲ್ಕು ಬಿಂದುಗಳ ಮೇಲೆ ಲೆಕ್ಕ ಹಾಕಿ ನೋಡಿದವರಿಗೆ, ಸಾವಿರಾರು ಜನ ಇದನ್ನು ಏಕೆ ಉಲ್ಲೇಖಿಸಿದರು ಎಂಬುದನ್ನು ಮತ್ತೆ ಯಾರೂ ವಿವರಿಸಬೇಕಾಗುವುದಿಲ್ಲ.

ನಂತರ ಆ ಪ್ರಬಂಧವನ್ನು ಉಲ್ಲೇಖಿಸಿದವರ ಪಟ್ಟಿಯನ್ನು ತೆರೆದು, ಬೇರೆ ಬೇರೆ ವರ್ಷಗಳಿಂದ ಹತ್ತು ಹದಿನೈದು ಪ್ರಬಂಧಗಳನ್ನು ಆರಿಸಿ, ಉಲ್ಲೇಖ ಬಂದಿರುವ ವಾಕ್ಯವನ್ನು ಮಾತ್ರ ಓದಿ. ‘ಈ ವಿಷಯದಲ್ಲಿ ಅನೇಕರು ಕೆಲಸ ಮಾಡಿದ್ದಾರೆ’ ಎಂದು ಏಳೆಂಟು ಸಂಖ್ಯೆಗಳ ನಡುವೆ ಸೇರಿಸಿದ ಉಲ್ಲೇಖ ಬರಿಯ ನಮಸ್ಕಾರ. ‘ನಾವು ಈ ವಿಧಾನವನ್ನು ಹೀಗೆ ಬದಲಿಸಿದೆವು’ ಎಂದೋ ‘ಇದು ಇಂಥಲ್ಲಿ ಸೋಲುತ್ತದೆ’ ಎಂದೋ ಹೇಳುವ ಉಲ್ಲೇಖಕ್ಕೆ ಹತ್ತುಪಟ್ಟು ಬೆಲೆ ಕೊಡಿ. ಕ್ಷೇತ್ರದ ಗಡಿ ದಾಟಿದ ಉಲ್ಲೇಖಗಳನ್ನೂ ಬೇರೆಯಾಗಿ ಗುರುತು ಹಾಕಿಕೊಳ್ಳಿ. ಚಿತ್ರವನ್ನು ಮಸುಕುಗೊಳಿಸಿ ಕಲೆ ಚುಕ್ಕಿಗಳನ್ನು ತೆಗೆಯುವಾಗ ಅಂಚುಗಳು ಕರಗದಂತೆ, ಬೆಳಕಿನ ವ್ಯತ್ಯಾಸ ತೀವ್ರವಾಗಿರುವಲ್ಲಿ ಹರಡುವಿಕೆಯನ್ನು ತಡೆಯುವ 1990ರ ಸಮೀಕರಣ ಇಂದು ಪೆರೋನಾ-ಮಲಿಕ್ ಎಂಬ ಹೆಸರಿನಲ್ಲಿಯೇ ಗಣಿತಜ್ಞರ ಅಧ್ಯಯನದ ವಸ್ತುವಾಗಿದೆ, ವೈದ್ಯಕೀಯ ಚಿತ್ರಗಳ ಸಂಸ್ಕರಣೆಯಲ್ಲೂ ಬಳಕೆಯಾಗಿದೆ.

ವಿಧಾನಗಳಷ್ಟೇ ಅಲ್ಲ, ಇತರರು ಅಳತೆಗೋಲಾಗಿ ಬಳಸಿದ ಚಿತ್ರಸಂಗ್ರಹಗಳೂ ಪ್ರಭಾವವೇ. ಇವುಗಳನ್ನು ಜನ ಮರೆಯುವುದೇ ಹೆಚ್ಚು. 2001ರಲ್ಲಿ ಡೇವಿಡ್ ಮಾರ್ಟಿನ್, ಚಾರ್ಲೆಸ್ ಫೌಲ್ಕ್ಸ್ ಮೊದಲಾದವರೊಂದಿಗೆ ಮಲಿಕ್ ಹೊರತಂದ ಬರ್ಕ್ಲಿ ಸಂಗ್ರಹದಲ್ಲಿ ಒಂದೊಂದು ಛಾಯಾಚಿತ್ರವನ್ನೂ ಹಲವು ಮಂದಿಗೆ ಕೊಟ್ಟು, ವಸ್ತುಗಳ ಗಡಿಯನ್ನು ಕೈಯಾರೆ ಗುರುತಿಸಲು ಹೇಳಲಾಗಿತ್ತು. ಅವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ: ಒಬ್ಬರು ಮನುಷ್ಯನ ಹೊರರೇಖೆಯಷ್ಟನ್ನೇ ಎಳೆದು ನಿಲ್ಲಿಸಿದ್ದರೆ, ಇನ್ನೊಬ್ಬರು ಮುಖ, ಕೂದಲು, ಅಂಗಿಯ ಕೊರಳಪಟ್ಟಿಯವರೆಗೂ ಇಳಿದಿರುತ್ತಾರೆ. ಇಬ್ಬರೂ ತಪ್ಪಲ್ಲ, ಒಬ್ಬರ ಗೆರೆಗಳು ಬಹುಮಟ್ಟಿಗೆ ಇನ್ನೊಬ್ಬರ ಗೆರೆಗಳ ಒಳಗೇ ಅಡಗಿರುತ್ತವೆ. ಚಿತ್ರವನ್ನು ಭಾಗ ಮಾಡುವುದಕ್ಕೆ ಸರಿ ಉತ್ತರವೇ ಇಲ್ಲ ಎನ್ನುವವರಿಗೆ ಈ ಸಂಗ್ರಹ ಪ್ರಮಾಣದೊಂದಿಗೆ ಉತ್ತರ ಕೊಟ್ಟಿತು. ಮೊದಲಿಗೆ 300 ಚಿತ್ರಗಳಿದ್ದ ಈ ಸಂಗ್ರಹ ಆಮೇಲೆ 500ಕ್ಕೆ ಬೆಳೆಯಿತು, ಅಂಚು ಗುರುತಿಸುವ ವಿಧಾನಗಳೆಲ್ಲ ಬಹುಕಾಲ ಅದರ ಮೇಲೆಯೇ ಪರೀಕ್ಷೆಗೆ ಒಳಗಾದವು.

ಇದೇ ದೃಷ್ಟಿಯಿಂದ ಕನ್ನಡದ ಕಡೆಗೂ ನೋಡಬೇಕು. 2009ರಲ್ಲಿ ತೆಯೋಫಿಲೊ ಡಿ ಕಾಂಪೋಸ್, ರಾಕೇಶ್ ಬಾಬು ಮತ್ತು ಮಾಣಿಕ್ ವರ್ಮಾ ಬೆಂಗಳೂರಿನ ಬೀದಿಗಳ ಫೋಟೊಗಳಿಂದ ಕನ್ನಡ ಮತ್ತು ಇಂಗ್ಲಿಷ್ ಅಕ್ಷರಗಳ ಸಂಗ್ರಹವೊಂದನ್ನು ಕಟ್ಟಿದರು. ಗುಣಿತಾಕ್ಷರಗಳ ಕಾರಣದಿಂದ ಅದರ ಕನ್ನಡ ಭಾಗದಲ್ಲಿ 600ಕ್ಕೂ ಹೆಚ್ಚು ವರ್ಗಗಳಾದವು. 2019ರಲ್ಲಿ ವಿನಯ್ ಉದಯ್ ಪ್ರಭು ಕೈಬರಹದ ಕನ್ನಡ ಅಂಕಿಗಳ 70,000 ಚಿತ್ರಗಳನ್ನು ಕನ್ನಡ-ಎಂನಿಸ್ಟ್ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಇಂಥ ಕೆಲಸವನ್ನು ಆರ್-ಸಿಎನ್‌ಎನ್‌ನ ಉಲ್ಲೇಖ ಸಂಖ್ಯೆಯ ಪಕ್ಕದಲ್ಲಿಟ್ಟು ತೂಗುವುದು ಅನ್ಯಾಯ.

ಸಂಶೋಧಕರು ತಮ್ಮ ಹಳೆಯ ಸಲಕರಣೆಯನ್ನು ಯಾವಾಗ ಬಿಟ್ಟರು ಎಂಬುದನ್ನೂ ಹುಡುಕಿ. 2012ರಲ್ಲಿ ಉದಾಹರಣೆಗಳಿಂದ ಕಲಿಯುವ ನರಜಾಲ ಎಂಬ ಗಣನಾ ಮಾದರಿಯು, ಹೆಸರಿಟ್ಟ ಚಿತ್ರಗಳ ದೊಡ್ಡ ಸಂಗ್ರಹವೊಂದರ ಮೇಲೆ ನಡೆಯುತ್ತಿದ್ದ ಇಮೇಜ್‌ನೆಟ್ ಸ್ಪರ್ಧೆಯನ್ನು ಗೆದ್ದಾಗ, ಚಿತ್ರಕ್ಕೆ ಹೆಸರಿಡುವ ಈ ಶಕ್ತಿ ಚಿತ್ರದಲ್ಲಿ ವಸ್ತು ಎಲ್ಲಿದೆ ಎಂದು ಪತ್ತೆ ಹಚ್ಚುವುದಕ್ಕೂ ಒದಗುತ್ತದೆಯೇ ಎಂಬ ಬಿಸಿ ಚರ್ಚೆ ನಡೆದಿತ್ತು. ಆಗ ಬರ್ಕ್ಲಿಯಲ್ಲಿದ್ದ ರಾಸ್ ಗಿರ್ಶಿಕ್, ಜೆಫ್ ಡೊನಾಹ್ಯೂ, ಟ್ರೆವರ್ ಡ್ಯಾರೆಲ್ ಜೊತೆ ಮಲಿಕ್ ಆ ಪ್ರಶ್ನೆಯನ್ನೇ ಪ್ರಯೋಗಕ್ಕೆ ಒಡ್ಡಿದರು. ಅದರ ಫಲವಾದ ಆರ್-ಸಿಎನ್‌ಎನ್ ಹಿಂದಿನ ಅತ್ಯುತ್ತಮ ಫಲಿತಾಂಶವನ್ನು ಶೇಕಡಾ 30ಕ್ಕೂ ಹೆಚ್ಚು ಸುಧಾರಿಸಿತು. ಫಾಸ್ಟರ್ ಆರ್-ಸಿಎನ್‌ಎನ್, ಮಾಸ್ಕ್ ಆರ್-ಸಿಎನ್‌ಎನ್ ಎಂದು ಅದರ ಹೆಸರು ಹೊತ್ತ ಸಂತತಿಯನ್ನು ಬೆಳೆಸಿದವರು ಬಹುತೇಕ ಬರ್ಕ್ಲಿಯ ಹೊರಗಿನ ಪ್ರಯೋಗಶಾಲೆಗಳವರು.

ಶಿಷ್ಯರ ವಂಶವೃಕ್ಷವನ್ನು ತಪ್ಪದೆ ಬರೆಯಿರಿ. ಪೆರೋನಾ, ಪಾಲ್ ಡೆಬೆವೆಕ್, ಷಿ, ಸರ್ಜ್ ಬೆಲೋಂಗಿ, ಅಲೆಕ್ಸಿ ಎಫ್ರೋಸ್ ಮಲಿಕ್ ಅವರ ಶಿಷ್ಯರು. ಕ್ಯಾಲ್‌ಟೆಕ್‌ನಲ್ಲಿ ಪೆರೋನಾ ಬಳಿ ಪಿಎಚ್‌ಡಿ ಮಾಡಿದ ಫೇಫೇ ಲೀ ಮುಂದೆ ಇಮೇಜ್‌ನೆಟ್ ಕಟ್ಟಿದರು. ಶಿಷ್ಯರು ಗುರುವಿನ ವಿಷಯವನ್ನೇ ಮುಂದುವರಿಸಿದರೋ ಅಥವಾ ಡೆಬೆವೆಕ್ ಗ್ರಾಫಿಕ್ಸ್ ಕಡೆ ಹೋದಂತೆ ತಮ್ಮದೇ ದಾರಿ ಹಿಡಿದರೋ ಎಂಬುದರಿಂದ ಆ ಪ್ರಯೋಗಶಾಲೆ ಎಷ್ಟು ಸ್ವಾತಂತ್ರ್ಯ ಕೊಡುತ್ತದೆ ಎಂಬುದನ್ನು ಊಹಿಸಬಹುದು.

ಸಂಖ್ಯೆಗಳನ್ನು ಕೊನೆಗೆ ನೋಡಿ. ಭೌತವಿಜ್ಞಾನಿ ಜಾರ್ಜ್ ಹಿರ್ಷ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸ್ ಪ್ರಕಾರ, ಕನಿಷ್ಠ 50 ಬಾರಿ ಉಲ್ಲೇಖವಾದ 50 ಪ್ರಬಂಧಗಳಿದ್ದವರ ಅಂಕ 50. ಅದು ವಯಸ್ಸಿನೊಂದಿಗೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ, ಹತ್ತು ಲೇಖಕರಿದ್ದರೂ ಪ್ರತಿಯೊಬ್ಬರಿಗೂ ಪೂರ್ಣ ಲೆಕ್ಕ ಕೊಡುತ್ತದೆ. ಕ್ಷೇತ್ರವೂ ಹಿಗ್ಗಿದೆ: 2024ರ ಸಿವಿಪಿಆರ್ ಒಂದರಲ್ಲೇ 2,719 ಪ್ರಬಂಧಗಳು ಸ್ವೀಕೃತವಾದವು. ಹಾಗಾಗಿ 1990ರ ಪ್ರಬಂಧಕ್ಕೂ 2020ರ ಪ್ರಬಂಧಕ್ಕೂ ಉಲ್ಲೇಖಗಳನ್ನು ನೇರವಾಗಿ ಹೋಲಿಸಬೇಡಿ. ಪ್ರಶಸ್ತಿಗಳಲ್ಲಿ, ಹತ್ತು ವರ್ಷ ಹಳೆಯ ಪ್ರಬಂಧಕ್ಕೆ ಸಿವಿಪಿಆರ್ ಕೊಡುವ ಲಾಂಗೆಟ್-ಹಿಗಿನ್ಸ್ ಬಹುಮಾನವನ್ನು ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಹತ್ತು ವರ್ಷಗಳಲ್ಲಿ ಮೊದಲ ಸದ್ದೆಲ್ಲ ಅಡಗಿರುತ್ತದೆ. ಷಿ ಮತ್ತು ಮಲಿಕ್ ಅವರ 1997ರ ಪ್ರಬಂಧಕ್ಕೆ ಅದು 2007ರಲ್ಲಿ ಬಂತು, ಆರ್-ಸಿಎನ್‌ಎನ್‌ಗೆ 2024ರಲ್ಲಿ.

ಇಷ್ಟೂ ಆದ ಮೇಲೆ ಒಂದು ಪುಟದ ಟಿಪ್ಪಣಿ ಸಿದ್ಧ ಮಾಡಿಕೊಳ್ಳಿ: ಅವರ ಪ್ರಶ್ನೆ ಯಾವುದು, ಅದರಿಂದ ಇತರರು ಏನು ಮಾಡಿದರು, ಇನ್ನೂ ಬಿಡಿಸಲಾಗದ್ದು ಏನು. ಮಾರ್ಗದರ್ಶಕರಿಗೆ ಬರೆಯುವ ಪತ್ರದಲ್ಲಿ ಅವರ ಉಲ್ಲೇಖ ಸಂಖ್ಯೆಯನ್ನು ಹೊಗಳುವ ಸಾಲನ್ನು ತೆಗೆದುಹಾಕಿ, ಈ ಟಿಪ್ಪಣಿಯ ಮೂರನೆಯ ಭಾಗದಿಂದ ಒಂದೇ ಒಂದು ಪ್ರಶ್ನೆಯನ್ನು ಆರಿಸಿ, ನೀವು ಅದರ ಬಗ್ಗೆ ಮಾಡಿ ನೋಡಿದ ಸಣ್ಣ ಪ್ರಯೋಗದೊಂದಿಗೆ ಕಳುಹಿಸಿ.