ಹೆಜ್ಜೆಗಿಂತ ಮೊದಲು ನೆಲ: ತೋಟದಂಚಿನ ಜಾಡುಗಳು ಮತ್ತು ನನ್ನ ಅನುಭವ

ಭದ್ರಾ ಅಭಯಾರಣ್ಯದ ಮುತ್ತೋಡಿ ವಲಯದ ಅಂಚಿನಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ತೋಟದ ಕೆಳಗೆ ಹಳ್ಳ, ಹಳ್ಳದಾಚೆ ಕಾಡು; ನಡುವೆ ಬೇಲಿ ಎಂದು ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ರಾತ್ರಿ ಬಂದುಹೋದವರು ಯಾರು ಎಂಬ ಪ್ರಶ್ನೆ ನಮ್ಮಲ್ಲಿ ಪ್ರತಿದಿನ ಬೆಳಿಗ್ಗೆಯೂ ಏಳುತ್ತದೆ, ಅದಕ್ಕೆ ಉತ್ತರ ಕೊಡುವ ಕೆಲಸ ಯಾವಾಗಲೋ ನನ್ನ ಹೆಗಲಿಗೆ ಬಿತ್ತು. ಆ ಕೆಲಸವನ್ನು ನಾನು ಕಲಿತದ್ದು ಒಂದು ದೊಡ್ಡ ತಪ್ಪಿನಿಂದ.

ಹನ್ನೊಂದು ವರ್ಷಗಳ ಹಿಂದೆ, ಮುಂಗಾರು ಆಗಷ್ಟೇ ಹಿಡಿದಿದ್ದ ಜೂನ್ ತಿಂಗಳಿನಲ್ಲಿ, ಹಳ್ಳದ ದಂಡೆಯ ಕೆಸರಿನಲ್ಲಿ ನಾಲ್ಕು ಬೆರಳಿನ, ಉಗುರಿಲ್ಲದ ದೊಡ್ಡ ಹೆಜ್ಜೆಯೊಂದು ಕಂಡಿತು. ಅಡಿಕೋಲು ಇಟ್ಟು ನೋಡಿದರೆ ಅಗಲ 11.5 ಸೆಂಟಿಮೀಟರ್. ನಾನು ಹುಲಿ ಎಂದೆ. ಮಾತು ಕೆಲಸದವರ ಲೈನ್ ಮನೆಗಳಿಗೆ ಮುಟ್ಟುವುದಕ್ಕೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಗೊಬ್ಬರ ಹಾಕುವ ಕೆಲಸ ಎರಡು ದಿನ ನಿಂತುಹೋಯಿತು. ಮೂರನೆಯ ದಿನ ಅರಣ್ಯ ಇಲಾಖೆಯ ಹಿರಿಯ ವಾಚರ್ ಒಬ್ಬರು ಬಂದರು. ನಾನು ಬುಟ್ಟಿ ಮುಚ್ಚಿ ಕಾಪಾಡಿಟ್ಟಿದ್ದ ಆ ಹೆಜ್ಜೆಯನ್ನು ಅವರು ಕ್ಷಣ ಮಾತ್ರ ನೋಡಿ, ಪ್ರಾಣಿ ಹೋದ ದಿಕ್ಕಿಗೆ ಬೆನ್ನು ಹಾಕಿ, ಅದು ಬಂದ ದಾರಿಯಲ್ಲಿ ಹಿಂದಕ್ಕೆ ನಡೆದರು. ಮೂವತ್ತು ಹೆಜ್ಜೆ ಮೇಲೆ, ದಟ್ಟ ಮರದ ನೆರಳಿನಿಂದಾಗಿ ಮಳೆ ಅಷ್ಟಾಗಿ ತಾಗದ ಗಟ್ಟಿ ಮಣ್ಣಿನಲ್ಲಿ, ಅದೇ ಪ್ರಾಣಿಯ ಅದೇ ಕಾಲಿನ ಗುರುತು ಸಿಕ್ಕಿತು. ಅಗಲ 8 ಸೆಂಟಿಮೀಟರ್. "ಹುಲಿ ಅಲ್ಲ ಗೌಡ್ರೇ, ಕುರ್ಕ. ಕೆಸರು ಅದನ್ನ ಹುಲಿ ಮಾಡಿದೆ" ಎಂದು ಹೇಳಿ ಅವರು ಕಾಫಿ ಕುಡಿದು ಹೊರಟರು. ನಮ್ಮ ಕಡೆ ಚಿರತೆಗೆ ಕುರ್ಕ ಎನ್ನುತ್ತಾರೆ.

ಮೆದು ಕೆಸರಿನಲ್ಲಿ ಊರಿದ ಕಾಲು ಮೊದಲು ಬೆರಳುಗಳನ್ನು ಅಗಲಿಸುತ್ತದೆ, ಅನಂತರ ತುಸು ಜಾರುತ್ತದೆ, ಎತ್ತುವಾಗ ಅಂಚನ್ನು ಕೀಳುತ್ತದೆ. ಅದರ ಮೇಲೆ ಮಳೆಯ ಹನಿ ಬಿದ್ದು ಅಂಚು ಕುಸಿದರೆ ಗುರುತು ಇನ್ನಷ್ಟು ಹಿಗ್ಗುತ್ತದೆ. ಇದನ್ನು ನಂಬುವುದಕ್ಕೆ ನನಗೆ ಪರೀಕ್ಷೆಯೇ ಬೇಕಾಯಿತು. ನಮ್ಮ ಮನೆಯ ನಾಯಿಯನ್ನು ಕಣದ ಧೂಳಿನ ಮೇಲೆ, ಹಳ್ಳದ ಒದ್ದೆ ಮರಳಿನ ಮೇಲೆ, ಗದ್ದೆಯ ಕೆಸರಿನಲ್ಲಿ ನಡೆಸಿ ಮುಂಗಾಲಿನ ಗುರುತನ್ನು ಅಳೆದೆ. ಧೂಳಿನಲ್ಲಿ 6 ಸೆಂಟಿಮೀಟರ್ ಇದ್ದದ್ದು ಕೆಸರಿನಲ್ಲಿ ಸುಮಾರು 8 ಆಯಿತು. ಕಣದ ಗಟ್ಟಿ ಮಣ್ಣಿನಲ್ಲಿ ಅದರ ಉಗುರಿನ ಗುರುತು ಬೀಳಲೇ ಇಲ್ಲ. ಇಳಿಜಾರಿನಲ್ಲಿ ಜಾರುವ ಬೆಕ್ಕು ತನ್ನ ಉಗುರನ್ನು ಹೊರಚಾಚುತ್ತದೆ ಎಂಬುದನ್ನೂ ಆಮೇಲೆ ಕಂಡೆ. ಉಗುರಿದ್ದರೆ ನಾಯಿ, ಇಲ್ಲದಿದ್ದರೆ ಬೆಕ್ಕಿನ ಜಾತಿ ಎಂಬ, ಎಲ್ಲರ ಬಾಯಲ್ಲಿರುವ ಸೂತ್ರ ತಪ್ಪಲ್ಲ. ಆದರೆ ಅದೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ.

ಈಗ ನಾನು ಉಗುರಿಗಿಂತ ಮೊದಲು ಅಂಗಾಲಿನ ದಿಂಡನ್ನು, ಅಂದರೆ ಬೆರಳುಗಳ ಹಿಂದಿನ ದಪ್ಪ ಮೆತ್ತೆಯನ್ನು, ನೋಡುತ್ತೇನೆ. ಬೆಕ್ಕಿನ ಜಾತಿಯಲ್ಲಿ ಆ ದಿಂಡಿನ ಹಿಂದಿನ ಅಂಚು ಮೂರು ಉಬ್ಬುಗಳಾಗಿ ಒಡೆದಿರುತ್ತದೆ, ಗಾತ್ರದಲ್ಲಿಯೂ ಅದು ಬೆರಳುಗಳಿಗೆ ಹೋಲಿಸಿದರೆ ಬಹಳ ದೊಡ್ಡದು. ಬೆರಳುಗಳು ಒಂದೇ ಸಮನಾಗಿ ಜೋಡಣೆಯಾಗಿರುವುದಿಲ್ಲ. ನಡುವಿನ ಎರಡರಲ್ಲಿ ಒಂದು ನಮ್ಮ ಕೈಯ ನಡುಬೆರಳಿನಂತೆ ಮುಂದಕ್ಕೆ ಚಾಚಿರುವುದರಿಂದ ಅದು ಎಡಗಾಲೋ ಬಲಗಾಲೋ ಎಂಬುದನ್ನೂ ಹೇಳಬಹುದು. ನಾಯಿಯ ಗುರುತಿನಲ್ಲಿ ಎಡ ಬಲ ಎರಡೂ ಸಮ, ದಿಂಡು ಸಣ್ಣ ತ್ರಿಕೋನ, ಬೆರಳುಗಳಿಗೂ ದಿಂಡಿಗೂ ನಡುವಿನ ಖಾಲಿ ಜಾಗದಲ್ಲಿ ಗುಣಾಕಾರದ ಚಿಹ್ನೆಯನ್ನು ಎಳೆಯಬಹುದು. ಸೀಳುನಾಯಿಯದೂ ಇದೇ ಬಗೆಯ ಹೆಜ್ಜೆಯಾದ್ದರಿಂದ ಒಂದೇ ಗುರುತು ನೋಡಿ ಅದನ್ನು ಊರನಾಯಿಯಿಂದ ಬೇರ್ಪಡಿಸಲು ನಾನು ಹೋಗುವುದಿಲ್ಲ. ಜಾಡನ್ನು ನೋಡುತ್ತೇನೆ: ಊರನಾಯಿ ಕಂಡಕಂಡದ್ದನ್ನು ಮೂಸುತ್ತ ಅಂಕುಡೊಂಕಾಗಿ ಅಲೆದಿರುತ್ತದೆ, ಸೀಳುನಾಯಿಗಳು ಹಲವು ಸೇರಿ ದಾರಿ ಹಿಡಿದು ನೇರವಾಗಿ ಸಾಗಿರುತ್ತವೆ.

ಅಳೆಯುವುದರಲ್ಲಿಯೂ ಒಂದು ಕ್ರಮವಿದೆ. ಆಳವಾದ ಗುರುತಿನಲ್ಲಿ ಎರಡು ಅಂಚುಗಳಿರುತ್ತವೆ. ಮೇಲೆ ಮಣ್ಣು ಇಳಿಬಿದ್ದ ಅಂಚು, ತಳದಲ್ಲಿ ಕಾಲು ನಿಜವಾಗಿ ಊರಿದ ಅಂಚು. ಅಂದು ನಾನು ಅಳೆದದ್ದು ಮೇಲಿನದನ್ನು. ಅಳೆಯಬೇಕಾದದ್ದು ತಳದ್ದನ್ನು, ಅದೂ ಒಂದಲ್ಲ, ಒಂದೇ ಜಾಡಿನ ನಾಲ್ಕೈದು ಹೆಜ್ಜೆಗಳನ್ನು, ಮುಂಗಾಲು ಯಾವುದು ಹಿಂಗಾಲು ಯಾವುದು ಎಂದು ಬೇರೆಬೇರೆಯಾಗಿ ಬರೆದುಕೊಂಡು. ಹುಲಿ ಚಿರತೆಗಳೆರಡರಲ್ಲಿಯೂ ಮುಂಗಾಲು ಅಗಲ, ಹಿಂಗಾಲು ಸ್ವಲ್ಪ ಕಿರಿದು. ಸಾವಧಾನವಾಗಿ ನಡೆಯುವಾಗ ಹಿಂಗಾಲು ಬಹುಪಾಲು ಮುಂಗಾಲಿನ ಗುರುತಿನ ಮೇಲೆಯೇ ಬೀಳುವುದರಿಂದ ಎರಡೂ ಬೆರೆತ ಗುರುತೇ ಹೆಚ್ಚಾಗಿ ನಮ್ಮ ಕಣ್ಣಿಗೆ ಬೀಳುತ್ತದೆ. ನನ್ನ ನೋಟ್ ಪುಸ್ತಕದಲ್ಲಿ ಗಟ್ಟಿ ನೆಲದ ಚಿರತೆ ಹೆಜ್ಜೆಗಳು 6.5ರಿಂದ 9 ಸೆಂಟಿಮೀಟರ್ ಒಳಗಿವೆ. ಹುಲಿ ಎಂದು ಇಲಾಖೆಯವರೂ ಒಪ್ಪಿದ ಮೂರು ಜಾಡುಗಳಲ್ಲಿ ಮುಂಗಾಲು 12 ಸೆಂಟಿಮೀಟರ್ ದಾಟಿದೆ. ನಡುವಿನ ಅಳತೆ ಸಿಕ್ಕಿದಾಗ ಪಕ್ಕದಲ್ಲಿ ದೊಡ್ಡ ಹೆಜ್ಜೆ ಇದೆಯೇ ಎಂದು ಹುಡುಕುತ್ತೇನೆ, ಏಕೆಂದರೆ ತಾಯಿಯ ಜೊತೆಗಿರುವ ಹುಲಿಮರಿಯ ಪಾದ ಚಿರತೆಯ ಪಾದದಷ್ಟೇ ಇರಬಲ್ಲದು.

ನನ್ನ ತಪ್ಪು ನನ್ನೊಬ್ಬನದೇ ಅಲ್ಲವೆಂದು ತಿಳಿದಾಗ ಸ್ವಲ್ಪ ಸಮಾಧಾನವಾಯಿತು. 1966ರಲ್ಲಿ ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿ ರೂಪಿಸಿದ ಹೆಜ್ಜೆಗುರುತಿನ ಗಣತಿಯನ್ನೇ ದೇಶ ದಶಕಗಳ ಕಾಲ ನೆಚ್ಚಿಕೊಂಡಿತ್ತು. ಗಾಜಿನ ಹಲಗೆಯನ್ನು ಗುರುತಿನ ಮೇಲಿಟ್ಟು ಅಂಚನ್ನು ಬರೆದುಕೊಂಡು, ಹಿಂಗಾಲಿನ ಗುರುತು ಚೌಕದೊಳಗೆ ಕೂತರೆ ಗಂಡು, ಉದ್ದನೆಯ ಆಯತಕ್ಕೆ ಹೊಂದಿದರೆ ಹೆಣ್ಣು ಎಂದು ನಿರ್ಧರಿಸುತ್ತಿದ್ದರು. ಪ್ರತಿ ಹುಲಿಯನ್ನೂ ಹೆಜ್ಜೆಯಿಂದಲೇ ಬೇರೆ ಮಾಡಿ ಎಣಿಸಬಹುದೆಂದು ನಂಬಿದ್ದರು. ನೆಲ ಬದಲಾದಂತೆ ಒಂದೇ ಹುಲಿಯ ಹೆಜ್ಜೆ ಬದಲಾಗುತ್ತದೆ ಎಂಬ ಆಕ್ಷೇಪವನ್ನು ಕರ್ನಾಟಕದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿಯೇ ಎತ್ತಿದ್ದರು, ಮುಂದೆ ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು ಮೈಪಟ್ಟೆಗಳಿಂದ ಹುಲಿಗಳನ್ನು ಗುರುತಿಸುವ ಕ್ರಮವನ್ನು ಬಳಕೆಗೆ ತಂದರು. ಹೆಜ್ಜೆ ಗಣತಿ ಹುಲಿಗಳಿವೆ ಎನ್ನುತ್ತಿದ್ದ ರಾಜಸ್ಥಾನದ ಸರಿಸ್ಕಾ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಹುಲಿಯೇ ಉಳಿದಿಲ್ಲ ಎಂಬುದು 2005ರಲ್ಲಿ ಬಯಲಾದ ಮೇಲೆ ಹಳೆಯ ಗಣತಿಯನ್ನು ಕೈಬಿಡಲಾಯಿತು. 2022ರ ಅಂದಾಜಿನಲ್ಲಿ ಕರ್ನಾಟಕಕ್ಕೆ ಸಿಕ್ಕಿದ 563 ಹುಲಿಗಳ ಲೆಕ್ಕಕ್ಕೆ ಕ್ಯಾಮೆರಾ ಚಿತ್ರಗಳೇ ಮುಖ್ಯ ಆಧಾರ. ಹಾಗೆಂದು ಹೆಜ್ಜೆ ನೋಡುವುದು ನಿಂತಿಲ್ಲ. ಕಾಡಿನ ಯಾವ ಭಾಗದಲ್ಲಿ ಹುಲಿ ಓಡಾಡುತ್ತಿದೆ ಎಂದು ತಿಳಿಯಲು ಇಲಾಖೆಯ ಸಿಬ್ಬಂದಿ ಇಂದಿಗೂ ದಾರಿಗಳಲ್ಲಿ ನಡೆದು ಗುರುತುಗಳನ್ನು ದಾಖಲಿಸುತ್ತಾರೆ. ಯಾವ ಪ್ರಾಣಿ ಎಂಬ ಪ್ರಶ್ನೆಗೆ ಹೆಜ್ಜೆ ಉತ್ತರ ಕೊಡುತ್ತದೆ. ಎಷ್ಟು, ಗಂಡೋ ಹೆಣ್ಣೋ ಎಂಬುದಕ್ಕೆ ಅದರಿಂದ ಉತ್ತರ ಕಿತ್ತುಕೊಳ್ಳಬಾರದು ಎಂದು ನನ್ನ ಎಣಿಕೆ.

ಆನೆಯ ಮಟ್ಟಿಗೆ ಮಾತ್ರ ನನ್ನ ಕಟ್ಟುನಿಟ್ಟು ಸಡಿಲ. ಅದರ ಹೆಜ್ಜೆಯನ್ನು ಯಾರೂ ಬೇರೆ ಪ್ರಾಣಿಯದೆಂದು ತಿಳಿಯುವುದಿಲ್ಲ, ಆದರೆ ಅದರಲ್ಲಿ ಓದುವುದಕ್ಕೆ ಬಹಳವಿದೆ. ಮುಂಗಾಲಿನ ಗುರುತು ಹೆಚ್ಚುಕಡಿಮೆ ಗುಂಡು, ಹಿಂಗಾಲಿನದು ಮೊಟ್ಟೆಯಂತೆ ನೀಳ. ಮುಂಗಾಲಿನ ಸುತ್ತಳತೆಯ ಎರಡರಷ್ಟು ಆನೆಯ ಭುಜದ ಎತ್ತರ ಎಂಬ ಮಾವುತರ ಹಳೆಯ ಲೆಕ್ಕ ಅಂದಾಜಿಗೆ ಚೆನ್ನಾಗಿ ಒದಗುತ್ತದೆ. ಅದಕ್ಕೆ ಸಣಬಿನ ಹುರಿಯೊಂದು ಸಾಕು, ಆದರೆ ನಡೆಯುವ ಆನೆಯ ಹಿಂಗಾಲು ಮುಂಗಾಲಿನ ಗುರುತನ್ನು ತುಳಿದು ಕೆಡಿಸಿರುವುದರಿಂದ, ಅದು ನಿಂತು ಹಲಸಿನ ಹಣ್ಣು ತಿಂದ ಜಾಗವನ್ನೋ ತಿರುಗಿದ ತಿರುವನ್ನೋ ಹುಡುಕಬೇಕು. ಕಳೆದ ವರ್ಷ ನಮ್ಮ ಹಲಸಿನ ಮರದ ಕೆಳಗೆ ಹುರಿಗೆ ಸಿಕ್ಕಿದ್ದು 138 ಸೆಂಟಿಮೀಟರ್, ಅಂದರೆ ಹತ್ತಿರಹತ್ತಿರ 9 ಅಡಿ ಎತ್ತರ. ಜೊತೆಗೆ ಬೇರೆ ಹೆಜ್ಜೆ ಒಂದೂ ಇಲ್ಲ. ಒಂಟಿ ಸಲಗ ಎಂದು ಬರೆದುಕೊಂಡೆ. ಎರಡು ದಿನ ಬಿಟ್ಟು ತೋಟದ ರಸ್ತೆಯ ಧೂಳಿನಲ್ಲಿ ಬಿದ್ದ ಅಂಗಾಲಿನ ಬಿರುಕುಗಳ ವಿನ್ಯಾಸವನ್ನು ಮೊದಲಿನ ಫೋಟೋದ ಜೊತೆ ಇಟ್ಟು ನೋಡಿದಾಗ ಬಂದದ್ದು ಅದೇ ಆನೆ ಎಂಬುದು ಸ್ಪಷ್ಟವಾಯಿತು. ದೊಡ್ಡ ಹೆಜ್ಜೆಗಳ ನಡುವೆ ತಟ್ಟೆಯಗಲದ ಪುಟ್ಟ ಹೆಜ್ಜೆ ಕಂಡ ದಿನ ನಾನು ಹುರಿ ಬಿಚ್ಚುವುದಿಲ್ಲ. ಮರಿಯಿರುವ ಗುಂಪು ಹತ್ತಿರದಲ್ಲಿರಬಹುದೆಂದು ಕೆಲಸದವರನ್ನು ಆ ಪಾಲಿಗೆ ಕಳಿಸದೆ ವಾಪಸಾಗುತ್ತೇನೆ. ಹೊಸ ಜಾಡನ್ನು ಮುಂದಕ್ಕೆ ಹಿಂಬಾಲಿಸಬಾರದು, ಹಿಂದಕ್ಕೆ ಹೋಗಬೇಕು ಎಂಬುದನ್ನು ಆ ವಾಚರರ ನಡಿಗೆಯಿಂದಲೇ ಕಲಿತೆ. ಗಟ್ಟಿ ನೆಲವೂ ಸಿಗುತ್ತದೆ, ಜೀವವೂ ಉಳಿಯುತ್ತದೆ. ಹಳ್ಳ ದಾಟಿ ಅಭಯಾರಣ್ಯದೊಳಗೆ ಹೋಗುವುದಕ್ಕೆ ಹೇಗೂ ಅನುಮತಿ ಬೇಕು, ನಾನು ದಾಟುವುದಿಲ್ಲ.

ಕರಡಿಯದು ಬೇರೆಯೇ ಕಥೆ. ಮೆಣಸು ಕೊಯ್ಲಿನ ಒಂದು ವರ್ಷ ನಮ್ಮ ಸುತ್ತಮುತ್ತ ಕಳ್ಳತನ ಹೆಚ್ಚಿತ್ತು. ಒಂದು ಬೆಳಿಗ್ಗೆ ಕೆಲಸದವರು ಬರಿಗಾಲಿನ ಕಳ್ಳನ ಹೆಜ್ಜೆ ಸಿಕ್ಕಿದೆ ಎಂದು ಕರೆದೊಯ್ದರು. ಹಿಮ್ಮಡಿ, ಅಂಗಾಲು, ಐದು ಬೆರಳು ಎಲ್ಲವೂ ಇದ್ದ, ಹುಡುಗನೊಬ್ಬನದೆಂದು ಯಾರಾದರೂ ನಂಬಬಹುದಾದ ಪಾದ. ಆದರೆ ಬೆರಳುಗಳು ಇಳಿಜಾರಾಗಿಲ್ಲದೆ ಬಹುತೇಕ ಒಂದೇ ಸಾಲಿನಲ್ಲಿದ್ದವು, ಒಳಬದಿಯಲ್ಲಿ ಹೆಬ್ಬೆರಳಿನ ದಪ್ಪ ಗುರುತು ಇರಲಿಲ್ಲ. ನಾಲ್ಕು ಮಾರು ಹಿಂದಕ್ಕೆ ಹೋದಾಗ ಮುಂಗಾಲಿನ ಅಗಲವಾದ ಗುರುತೂ, ಅದರ ಬೆರಳುಗಳಿಂದ ಬಹಳ ಮುಂದೆ ಮಣ್ಣನ್ನು ಚುಚ್ಚಿದ ಉದ್ದ ಉಗುರುಗಳ ಸಾಲೂ ಕಂಡವು. ಅದಕ್ಕೂ ಹಿಂದೆ ಬಗೆದು ಹಾಕಿದ ಗೆದ್ದಲ ಹುತ್ತವಿತ್ತು. ಆ ವರ್ಷ ನಮ್ಮ ಮೆಣಸು ಕದ್ದವರು ಯಾರೆಂಬುದು ಮಾತ್ರ ಇಂದಿಗೂ ಗೊತ್ತಾಗಿಲ್ಲ.

ಗೊರಸಿನ ಪ್ರಾಣಿಗಳನ್ನು ಬೇಗ ಮುಗಿಸುತ್ತೇನೆ. ಕಾಡುಹಂದಿಯ ಗೊರಸಿನ ಹಿಂದೆ ಎರಡೂ ಪಕ್ಕದಲ್ಲಿ ಮೇಲುಗೊರಸಿನ ಚುಕ್ಕೆಗಳು ಬೀಳುತ್ತವೆ, ಹತ್ತಿರದಲ್ಲಿ ಮೂತಿಯಿಂದ ಉತ್ತ ನೆಲವೂ ಇರುತ್ತದೆ. ಕಡವೆಯದು ಜಿಂಕೆಯ ಹೆಜ್ಜೆಯದೇ ಆಕಾರ, ಗಾತ್ರದಲ್ಲಿ ದೊಡ್ಡದು. ನನ್ನನ್ನು ಇಂದಿಗೂ ಸತಾಯಿಸುವುದು ಕಾಟಿ, ಅಂದರೆ ಕಾಡುಕೋಣ. ಅಷ್ಟು ದೊಡ್ಡ ಮೈಗೆ ಅದರ ಗೊರಸು ಚಿಕ್ಕದೆಂದೇ ಹೇಳಬೇಕು; ಎಮ್ಮೆಯದರಷ್ಟು ಅಗಲವಾಗಿ ಹರಡದೆ ಎರಡು ಭಾಗಗಳೂ ಕೂಡಿಕೊಂಡಿರುತ್ತವೆ ಎಂಬುದು ನಿಜವಾದರೂ, ಕೆಸರಿನಲ್ಲಿ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಅಂಥ ಸಂದರ್ಭದಲ್ಲಿ ನನಗೆ ನೆರವಾಗುವುದು ಮಳೆಯ ಗಡಿಯಾರ. ರಾತ್ರಿ ಹತ್ತಕ್ಕೆ ಮಳೆ ನಿಂತಿದ್ದು, ಗೊರಸಿನ ಗುರುತಿನೊಳಗೆ ಹನಿಯ ಗುಳಿಗಳಿಲ್ಲದಿದ್ದರೆ, ಅದು ಬಿದ್ದದ್ದು ಹತ್ತರ ನಂತರ. ಆ ಹೊತ್ತಿಗೆ ಊರಿನ ದನ ಎಮ್ಮೆಗಳೆಲ್ಲ ಕೊಟ್ಟಿಗೆಯಲ್ಲಿರುತ್ತವೆ.

ಮಳೆಯಿಲ್ಲದ ತಿಂಗಳುಗಳಿಗಾಗಿ ಹಳ್ಳಕ್ಕೆ ಇಳಿಯುವ ದಾರಿಯ ಎರಡು ಕಡೆ ಮೂರು ಅಡಿ ಅಗಲಕ್ಕೆ ಜರಡಿ ಹಿಡಿದ ನಯವಾದ ಮಣ್ಣು ಹಾಸಿ, ಸಂಜೆ ಪೊರಕೆಯಿಂದ ಸವರಿಡುತ್ತೇನೆ. ಎಲ್ಲ ಹೆಜ್ಜೆಯೂ ಒಂದೇ ಬಗೆಯ ನೆಲದ ಮೇಲೆ ಬೀಳುವುದರಿಂದ ಇಂದಿನದನ್ನು ಕಳೆದ ತಿಂಗಳಿನದರೊಂದಿಗೆ ಹೋಲಿಸಬಹುದು. ನೋಡುವುದು ಬೆಳಗಿನ ಓರೆ ಬಿಸಿಲಿನಲ್ಲಿ; ಹೊತ್ತೇರಿದ್ದರೆ ಕೊಡೆಯಿಂದ ನೆರಳು ಮಾಡಿ, ಟಾರ್ಚನ್ನು ನೆಲದ ಮಟ್ಟದಲ್ಲಿ ಪಕ್ಕದಿಂದ ಹಿಡಿಯುತ್ತೇನೆ, ಆಗ ಉಬ್ಬುತಗ್ಗುಗಳೆಲ್ಲ ಎದ್ದು ಕಾಣುತ್ತವೆ. ಫೋಟೋ ತೆಗೆಯುವಾಗ ಮೊಬೈಲು ಗುರುತಿನ ನೇರ ಮೇಲಿರಬೇಕು, ಪಕ್ಕದಲ್ಲಿ ಅಳತೆಗೆಂದು ಏನಾದರೂ ಇರಬೇಕು.

ಊರಿನವರಿಗೆ ಇದನ್ನೇ ಹೇಳಿ ಹೇಳಿ ಸಾಕಾಗಿದೆ. ವಾಟ್ಸಾಪಿನಲ್ಲಿ ಬರುವ ಹೆಜ್ಜೆಗಳೆಲ್ಲ ಅಳತೆಯಿಲ್ಲದ ಚಿತ್ರಗಳು, ಹಿಗ್ಗಿಸಿ ನೋಡಿದರೆ ಬೆಕ್ಕೂ ಹುಲಿಯಾಗುತ್ತದೆ. ಅಡಿಕೋಲು ಇಲ್ಲದವರು ಹತ್ತು ರೂಪಾಯಿಯ ನಾಣ್ಯವನ್ನಾದರೂ ಇಡಿ, ಅದರ ವ್ಯಾಸ 27 ಮಿಲಿಮೀಟರ್ ಎಂದು ಕೇಳಿಕೊಂಡಿದ್ದೆ. ಮೊನ್ನೆ ಪಕ್ಕದ ತೋಟದ ಹುಡುಗ ಕಳಿಸಿದ ಚಿತ್ರದಲ್ಲಿ ನಾಣ್ಯವಿತ್ತು, ಲೆಕ್ಕ ಹಾಕಿದರೆ 10 ಸೆಂಟಿಮೀಟರಿಗೆ ಬಂತು. ಹೆಜ್ಜೆ ಬಸಿಗಾಲುವೆಯ ಕೆಸರಿನಲ್ಲಿತ್ತು. ಹಿಂದಕ್ಕೆ ಹೋಗಿ ಗಟ್ಟಿ ನೆಲದ್ದೊಂದನ್ನು ಹುಡುಕಿ ಕಳಿಸು ಮಾರಾಯ ಎಂದು ನಾನು ಬರೆದ ಉತ್ತರ ಅವನಿಗೆ ಮುಟ್ಟುವಷ್ಟರಲ್ಲಿ ಮಳೆ ಸುರಿಯಿತು. ನೋಟ್ ಪುಸ್ತಕದಲ್ಲಿ ತಾರೀಕು, ಜಾಗ, ಅಳತೆ ಬರೆದು, ಪ್ರಾಣಿಯ ಹೆಸರಿನ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ.